ಖಾಕಿ ಜೇಬಿನಲ್ಲಿದ್ದ ಅಕ್ಕನ ಪ್ಲೇಟು

ಮೊನ್ನೆ ರಾಯದುರ್ಗಕ್ಕೆ ಹೋದಾಗ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳ ಸಾಲಿನಲ್ಲಿ ನಡೆದು ಬರುತ್ತಿದ್ದೆ. ಸುಡು ಮಧ್ಯಾಹ್ನ. ಎರಡೂ ಕಡೆಯಿಂದ ಕರೆಂಟಿನ ಮಿಷನ್ನುಗಳ ಸದ್ದು. ಒಂದು ಬಾಗಿಲಲ್ಲಿ ಯಾರೋ ಮಿಷನ್ನಿನ ತಲೆ ಬಿಚ್ಚಿಟ್ಟುಕೊಂಡು ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದಕ್ಕೆ ಏಳಲಿಲ್ಲ. ಜೊತೆಗಿದ್ದವರು ಬಿಸಿಲಿಗೆ ತಲೆ ತಿರುಗಿತೇನೋ ಎಂದು ಗಾಬರಿಯಾಗಿ ಸೋಡಾ ತರಲು ಓಡಿದರು. ತಲೆಯೇನೋ ತಿರುಗಿತ್ತು, ಆದರೆ ಹಿಂದಕ್ಕೆ ತಿರುಗಿತ್ತು. ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ನಿಗೂ ಗ್ರಾಮಫೋನಿಗೂ ಒಂದೇ ಬುಡ್ಡಿಯ ಎಣ್ಣೆ ಬಿಡುತ್ತಿದ್ದರು.

ಅದು ಯುದ್ಧದ ಕಾಲ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ನನ್ನ ತವರು ಮಡಕಶಿರ ಅನಂತಪುರಕ್ಕೆ ಸೇರಿತ್ತು, ಎರಡಕ್ಕೂ ದೊರೆತನ ಮಾತ್ರ ಮದರಾಸಿನದು. ನನ್ನ ಅಕ್ಕ ರುಕ್ಮಿಣಿಯನ್ನು ರಾಯದುರ್ಗದ ಒಬ್ಬ ದರ್ಜಿಗೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೆಯ ವರ್ಷ ಅವಳು ಜ್ವರ ಬಂದು ತೀರಿಕೊಂಡಳು. ಮಗಳು ಪಾರಿಗೆ ಆಗ ಎರಡು ತುಂಬಿತ್ತಷ್ಟೆ. ತಾಯಿಲ್ಲದ ಕೂಸು ಪರರ ಕೈಗೆ ಬೀಳಬಾರದೆಂದು ತಂಗಿಯನ್ನೇ ಅದೇ ಮನೆಗೆ ಕೊಡುವುದು ನಮ್ಮ ಕಡೆ ನಡೆದುಬಂದ ರೂಢಿ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಒಲ್ಲೆ ಎನ್ನುತ್ತಿರಲಿಲ್ಲ, ಏಕೆಂದರೆ ಅಕ್ಕ ಬದುಕಿದ ಮನೆ ಹೇಗಿತ್ತೆಂದು ನೋಡುವ ಆಸೆ ನನಗೆ ಬಹಳವಿತ್ತು. ಭಾವ ಗಂಡನಾದರು. ತಾಳಿ ಕಟ್ಟಿಸಿಕೊಂಡ ಮೇಲೂ ನನ್ನ ಬಾಯಿಗೆ ‘ಭಾವ’ ಎಂದೇ ಬರುತ್ತಿತ್ತು, ಅವರೂ ಅದಕ್ಕೇ ಓಗೊಡುತ್ತಿದ್ದರು.

ಆ ಮನೆಯಲ್ಲಿ ಮೊದಲು ನನ್ನ ಕಣ್ಣು ಹೋದದ್ದು ಗ್ರಾಮಫೋನಿನ ಮೇಲೆ. ಗೋಡೆಯ ಗೂಡಿನಲ್ಲಿ ಅದರ ಪೆಟ್ಟಿಗೆ, ಪಕ್ಕದಲ್ಲಿ ಹಿತ್ತಾಳೆಯ ಕಹಳೆ, ಅದರ ಕೆಳಗೆ ಹಾಡಿನ ಪ್ಲೇಟುಗಳ ಆಲ್ಬಮ್ಮು. ಬಳ್ಳಾರಿಯ ಅಂಗಡಿಗಳಲ್ಲಿ ಆಲ್ಬಮ್ಮು ಸಿಗುತ್ತಿತ್ತಂತೆ, ಆದರೆ ಭಾವ ಕೊಂಡಿರಲಿಲ್ಲ, ತಾವೇ ಹೊಲಿದಿದ್ದರು. ಪೊಲೀಸರ ಬಟ್ಟೆ ಹೊಲಿದು ಉಳಿದ ಖಾಕಿಯ ತುಂಡುಗಳನ್ನು ರಟ್ಟಿಗೆ ಸೇರಿಸಿ, ಅಂಗಿಯ ಜೇಬಿನ ಹಾಗೆ ಹನ್ನೆರಡು ಜೇಬು ಮಾಡಿ, ಒಂದೊಂದಕ್ಕೂ ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ. ಜೇಬು ಹನ್ನೆರಡಾದರೂ ಪ್ಲೇಟು ಇದ್ದದ್ದು ಐದೇ. ಉಳಿದ ಜೇಬುಗಳಲ್ಲಿ ಅವರು ಕಾಲರು ಕತ್ತರಿಸುವ ಕಾಗದದ ಅಳತೆಗಳನ್ನು ತುರುಕಿದ್ದರು. ಮೊದಲನೆಯ ಜೇಬಿನ ಗುಂಡಿ ಮಾತ್ರ ಬೇರೆ, ಮುತ್ತಿನ ಬಣ್ಣದ್ದು. ಅದರೊಳಗೆ ನನ್ನ ಅಕ್ಕನಿದ್ದಳು.

ಅದನ್ನೂ ಹೇಳಿಬಿಡಬೇಕು. ಅಕ್ಕನಿಗೆ ಹದಿನಾರಿದ್ದಾಗ ಮಡಕಶಿರದಲ್ಲಿ ಒಂದು ನಾಟಕ ಕಂಪನಿ ಬೀಡುಬಿಟ್ಟಿತ್ತು. ಅದರ ಹಾರ್ಮೋನಿಯಂ ಮೇಷ್ಟ್ರು ಯಾರದೋ ಮದುವೆ ಮನೆಯಲ್ಲಿ ಅಕ್ಕ ಹಾಡಿದ್ದನ್ನು ಕೇಳಿದರು. ಪ್ಲೇಟು ಮಾಡುವವರು ಬೆಂಗಳೂರಿಗೆ ಬಂದಿದ್ದಾರೆ, ಹುಡುಗಿಯನ್ನು ಕಳಿಸಿಕೊಡಿ ಎಂದು ಅಪ್ಪನಿಗೆ ದುಂಬಾಲು ಬಿದ್ದರು. ಅಪ್ಪ ತಾವೇ ಜೊತೆಗೆ ಹೋಗಿ ಹಾಡಿಸಿಕೊಂಡು ಬಂದರು. ಪ್ಲೇಟಿನ ಒಂದು ಮಗ್ಗುಲಲ್ಲಿ ಅಕ್ಕ, ಇನ್ನೊಂದರಲ್ಲಿ ಆ ಕಂಪನಿಯ ರಾಜಪಾರ್ಟಿನವನು. ಊರಲ್ಲಿ ಹೊಗಳಿದವರಿಗಿಂತ ಮೂಗು ಮುರಿದವರೇ ಹೆಚ್ಚು. ಪ್ಲೇಟಿನಲ್ಲಿ ಹಾಡಿದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅಮ್ಮ ಅಳುತ್ತಿದ್ದಳು. ಅಷ್ಟರಲ್ಲಿ, ಬಳ್ಳಾರಿಯ ಬಟ್ಟೆ ಅಂಗಡಿಯೊಂದರಲ್ಲಿ ಆ ಪ್ಲೇಟು ಕೇಳಿದ ದರ್ಜಿಯೊಬ್ಬರು ಹುಡುಗಿಯ ಮನೆ ವಿಚಾರಿಸಿಕೊಂಡು ಬಂದೇಬಿಟ್ಟರು. ಅವರೇ ಭಾವ.

ಅವರ ತಾಯಿ, ಎಂದರೆ ನಮ್ಮತ್ತೆ, ಒಪ್ಪಿದ್ದು ಒಂದು ಕರಾರಿನ ಮೇಲೆ. ಮನೆಯ ಮುಂಭಾಗವೇ ಅಂಗಡಿ. ತಾಲ್ಲೂಕು ಕಚೇರಿಯ ಜವಾನರಿಂದ ಹಿಡಿದು ಕಣೇಕಲ್ಲಿನ ರೈತರವರೆಗೆ ಎಲ್ಲರೂ ಜಗಲಿಯಲ್ಲಿ ಕೂರುವವರೇ. ಸೊಸೆಯ ದನಿ ನಡುಮನೆಯ ಬಾಗಿಲು ದಾಟಿ ಅಂಗಡಿಗೆ ಕೇಳಿಸಕೂಡದು, ಹಾಡಂತೂ ಕೂಡದೇ ಕೂಡದು. ಅಕ್ಕ ಒಪ್ಪಿಕೊಂಡಳು, ಮಾತಿನಂತೆಯೇ ನಡೆದುಕೊಂಡಳು. ಭಾವ ಮಾತ್ರ ಮದುವೆಯಾದ ಹೊಸದರಲ್ಲೇ ಗ್ರಾಮಫೋನು ತಂದರು. ಒಳಗೆ ಜೀವಂತ ಹೆಂಡತಿ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರೆ, ಹೊರಗೆ ಅದೇ ಹೆಂಡತಿಯ ದನಿ ಕಹಳೆಯಿಂದ ಬೀದಿಯುದ್ದಕ್ಕೂ ಕೇಳುತ್ತಿತ್ತು. ಇದನ್ನು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

ಬಂದ ವಾರದಲ್ಲೇ ಅತ್ತೆ ಆ ಕರಾರನ್ನು ನನಗೂ ತಿಳಿಸಿದರು.

“ನಿಮ್ಮಕ್ಕಗ ಹೇಳಿದ್ದ ನಿನಗೂ ಹೇಳತೀನಿ ಸುಬ್ಬವ್ವ. ಹೆಣ್ಮಕ್ಕಳ ದನಿ ಅಂಗಡಿಗೆ ಕೇಳಬಾರದು.”

“ಪೆಟ್ಟಿಗೆ ಹಾಡಿದ್ರೆ ಕೇಳುಸ್ತದಲ್ಲ ಅತ್ತೆ?” ಎಂದೆ. ಜಗಳಕ್ಕಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು.

“ಪೆಟ್ಟಿಗಿಗೆ ಮಾನ ಮರ್ಯಾದಿ ಏನೈತಿ?” ಎಂದು ಅವರು ಮೊರ ತೆಗೆದುಕೊಂಡು ಹೋದರು. ಸಿಟ್ಟು ಜಾಸ್ತಿಯಾದರೆ ಅವರು ತೆಲುಗಿಗೆ ತಿರುಗುತ್ತಿದ್ದರು. ಅವತ್ತು ಕನ್ನಡದಲ್ಲೇ ನಿಂತಿತು, ನನ್ನ ಪುಣ್ಯ.

ಶುಕ್ರವಾರ ದೀಪ ಹಚ್ಚಿದ ಮೇಲೆ ಭಾವ ಪಾರಿಯನ್ನು ಎದುರಿಗೆ ಕೂರಿಸಿಕೊಂಡು ಪ್ಲೇಟು ಹಾಕುತ್ತಿದ್ದರು. “ಕೇಳವ್ವ, ನಿಮ್ಮವ್ವ” ಎನ್ನುತ್ತಿದ್ದರು. ಮಗು ತಾಯಿಯ ದನಿಯನ್ನು ಮರೆಯಬಾರದು, ಇದೊಂದೇ ಅವರ ಹಟ. ತಾಯಿಯ ಫೋಟೋ ಒಂದೂ ಇರಲಿಲ್ಲ. ಮುಖ ಹೇಗೂ ಹೋಯಿತು, ದನಿಯಾದರೂ ಉಳಿಯಲಿ ಎಂದು ಅವರ ಎಣಿಕೆ. ಪಾರಿಗಂತೂ ಆ ಪೆಟ್ಟಿಗೆಯೇ ಅವ್ವ. ಊಟಕ್ಕೆ ಕೂತಾಗ ಒಂದು ತುಂಡು ರೊಟ್ಟಿ ಹಿಡಿದು ಎದ್ದು ಹೋಗಿ ಕಹಳೆಯೊಳಗೆ ಹಾಕಿ ಬರುತ್ತಿದ್ದಳು. ಇರುವೆ ಮುತ್ತುತ್ತವೆ ಎಂದು ನಾನು ಆಮೇಲೆ ತೆಗೆಯುತ್ತಿದ್ದೆ. ಖಾಲಿ ಕಹಳೆ ನೋಡಿ, ಅವ್ವ ಉಂಡಳು ಎಂದು ಅವಳಿಗೆ ಸಮಾಧಾನ. ನನ್ನನ್ನು ಸಣ್ಣವ್ವ ಎಂದು ಕರೆಯುತ್ತಿದ್ದಳು, ತಲೆ ಬಾಚಿಸಿಕೊಳ್ಳುತ್ತಿದ್ದಳು, ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ತೊಡೆಯ ಮೇಲೆ ಮಾತ್ರ ಬರುತ್ತಿರಲಿಲ್ಲ.

ನನಗೆ ಬೇರೊಂದು ಕುತೂಹಲ. ಈ ಕರೀ ತಟ್ಟೆಯಲ್ಲಿ ಅಕ್ಕ ಎಲ್ಲಿದ್ದಾಳೆ? ಒಂದು ದಿನ ಭಾವ ಬಟ್ಟೆ ತರಲು ಹೋದಾಗ ಪ್ಲೇಟನ್ನು ಹಿತ್ತಲಿಗೆ ಒಯ್ದು ಬಿಸಿಲಿಗೆ ಓರೆಯಾಗಿ ಹಿಡಿದೆ. ಗೆರೆಗಳು ಕಂಡವು. ಕಣ್ಣಲ್ಲೇ ಒಂದು ಗೆರೆ ಹಿಡಿದು ಸುತ್ತಿದರೆ ಅದು ಹಿಂದಿನ ಜಾಗಕ್ಕೆ ಬಂದು ಸೇರಲಿಲ್ಲ, ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಭಾವ ಬಂದ ಮೇಲೆ ಹೇಳಿದೆ, “ಭಾವ, ಇದ್ರಲ್ಲಿ ಇರೋದು ಒಂದೇ ಗೆರೆ ಕಣ್ರಿ.”

“ಒಂದಾ? ನೂರಾರು ಅದಾವಲ್ಲ.”

“ಒಂದೇ. ಹೊರಗಿಂದ ಒಳಕ್ಕೆ ಸುತ್ಕೊಂಡು ಹೋಗೈತೆ. ಉಂಡೆ ದಾರ ಬಿಚ್ಚಿದಂಗೆ.”

ಅವರು ನಕ್ಕರು, ಆಮೇಲೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಕವಚ ಕಳಚಿಟ್ಟು ತಾವೂ ಬಗ್ಗಿ ನೋಡಿದರು. ಇಬ್ಬರೂ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ತಲೆಗೆ ತಲೆ ತಾಗಿಸಿ, ಆ ಗೆರೆಯ ಹಿಂದೆ ಹೋದೆವು. “ಹೌದಲ್ಲ!” ಎಂದರು ಕೊನೆಗೆ. ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಅದೇ ಎನ್ನಬೇಕು. ಅಲ್ಲಿಯವರೆಗೆ ಉಪ್ಪು, ಸೀಮೆಎಣ್ಣೆ ಇಷ್ಟೇ ಆಗಿತ್ತು.

ಇನ್ನೊಂದು ವಿಷಯ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಪ್ಲೇಟಿನಲ್ಲಿದ್ದದ್ದು ಅಕ್ಕನ ದನಿಯೇ ಅಲ್ಲ. ಅಂದರೆ ಅವಳದೇ ಗಂಟಲು, ಆದರೆ ಮೇಷ್ಟ್ರು ಹೇಳಿಕೊಟ್ಟ ಎತ್ತರದ ಶ್ರುತಿ, ಹೆದರಿಕೆಯ ಕೂಗು. ಮೈಕಿನ ಮುಂದೆ ನಿಲ್ಲಿಸಿ ಜೋರಾಗಿ ಹಾಡು ಎಂದರಂತೆ, ಅವಳು ಹೊಲದಲ್ಲಿ ಗಿಳಿ ಓಡಿಸುವಂತೆ ಹಾಡಿ ಬಂದಿದ್ದಳು. ಹಾಗೆಂದು ತಾನೇ ಹೇಳಿಕೊಂಡು ನಕ್ಕಿದ್ದಳು. ಮಡಕಶಿರದಲ್ಲಿ ಅವಳು ಹಾಡುತ್ತಿದ್ದದ್ದು ಬೀಸುಕಲ್ಲಿನ ಮುಂದೆ. ನಾವಿಬ್ಬರೂ ಗೂಟದ ಆಕಡೆ ಈಕಡೆ ಕೂತು ರಾಗಿ ಬೀಸುವಾಗ, ನಮ್ಮಜ್ಜಿ ಕಲಿಸಿದ ಪದಗಳನ್ನು ತಗ್ಗಿನ ದನಿಯಲ್ಲಿ ಹೇಳುತ್ತಿದ್ದಳು. ಕಲ್ಲು ತಿರುಗುವಾಗ ಉಸಿರು ಅದರ ಜೊತೆಗೇ ಹೋಗಬೇಕು, ಅಲ್ಲಿ ಎತ್ತರಿಸಿ ಹಾಡಲು ಆಗುವುದೇ ಇಲ್ಲ. ಮೊದಲ ಶುಕ್ರವಾರ ಪ್ಲೇಟು ಕೇಳಿದಾಗ ನನಗೆ ಅಳು ಬರಲಿಲ್ಲ, ಬೇಸರವಾಯಿತು. ಆದರೆ ಭಾವನ ಮುಖ ನೋಡಿದ ಮೇಲೆ ಹೇಳಲು ಬಾಯಿ ಬರಲಿಲ್ಲ.

ಬೇಸಿಗೆಯಲ್ಲಿ ದುರ್ಗದ ಬಂಡೆಗಳು ಕಾದು ಸಂಜೆಯಾದರೂ ಊರಿನ ಮೇಲೆ ಬೆಂಕಿ ಉಗುಳುತ್ತಿದ್ದವು. ಅರಗಿನ ಪ್ಲೇಟು ಡೊಂಕಾದೀತೆಂದು ಭಾವ ಆಲ್ಬಮ್ಮನ್ನು ನೀರಿನ ಗಡಿಗೆಗಳ ಹತ್ತಿರ ಇಡುತ್ತಿದ್ದರು. ಯುದ್ಧದಿಂದ ಖಾಕಿಯ ಕೆಲಸ ಕೈತುಂಬ ಇತ್ತು. ಆದರೆ ಅದೇ ಯುದ್ಧ ಪಿನ್ನುಗಳನ್ನು ತಿಂದುಹಾಕಿತು. ಗ್ರಾಮಫೋನಿನ ಪಿನ್ನು ಪುಟ್ಟ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಒಂದು ಹಾಡಿಗೆ ಒಂದು ಪಿನ್ನು, ಆಮೇಲೆ ಎಸೆಯಬೇಕು. ನಾವು ಒಂದನ್ನೇ ಐದಾರು ಸಲ ಹಾಕಿದೆವು. ಶ್ರಾವಣದ ಹೊತ್ತಿಗೆ ಬಳ್ಳಾರಿಯ ಅಂಗಡಿಯವನೂ ಪಿನ್ನಿಲ್ಲವೆಂದು ಕೈಯೆತ್ತಿಬಿಟ್ಟ. ಕೆಲವು ಶುಕ್ರವಾರಗಳು ಹಾಡಿಲ್ಲದೆ ಹೋದವು. ಪಾರಿ ಗೂಡಿನ ಕೆಳಗೆ ಕೂತು ಕಾಯುತ್ತಿದ್ದಳು.

ಆಮೇಲೆ ಬಂತು ಆಯುಧಪೂಜೆ. ಆ ದಿನ ದರ್ಜಿಗಳು ಮಿಷನ್ನು ತುಳಿಯುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಭಾವನಿಗೆ ಹಿಂದಿನ ದಿನವೇ ಒಂದು ಯೋಚನೆ ಹೊಳೆದಿತ್ತು. ಮಿಷನ್ನಿನ ಒಳ್ಳೆಯ ಸೂಜಿಯೊಂದನ್ನು ತುಂಡು ಮಾಡಿ, ಸಾಣೆಕಲ್ಲಿಗೆ ತಿಕ್ಕಿ ಮೊನೆ ಮಾಡಿ, ಕುಂಕುಮವಿಟ್ಟು ಪೂಜೆಗಿಟ್ಟರು.

“ಪಲ್ಟನ್ನಿನ ದಪ್ಪ ಬಟ್ಟಿ ಹೊಲಿಯೋ ಸೂಜಿ ಇದು. ಸವಿಯಂಗಿಲ್ಲ, ಮುರಿಯಂಗಿಲ್ಲ. ಪೂಜಿ ಬ್ಯಾರೆ ಆಗೈತಿ,” ಎಂದರು ಅತ್ತೆಗೆ.

ಸೂಜಿ ಸವೆಯಲಿಲ್ಲ ನಿಜ. ಎಲ್ಲ ದರ್ಜಿಗಳಿಗೂ ಸೂಜಿಯದೇ ಚಿಂತೆ, ಬಟ್ಟೆ ತೂತಾಗುವುದು ಅವರಿಗೆ ಕೆಲಸ. ಸೂಜಿ ಉಳಿದರೆ ಸಾಕೆಂದು ಭಾವ ಇಲ್ಲೂ ಅದೇ ಲೆಕ್ಕ ಹಾಕಿದ್ದರು. ಸಂಜೆ ಜಗಲಿಯ ತುಂಬ ಜನ ಸೇರಿದರು. ಅಕ್ಕನ ಹಾಡು ಮೊದಲಿಗಿಂತ ಜೋರಾಗಿ, ಚುರುಕಾಗಿ ಕೇಳಿತು. ಪಾರಿ ಕುಣಿದಳು. ಇನ್ನೊಮ್ಮೆ ಹಾಕ್ರಿ ಎಂದರು ಜನ, ಭಾವ ಹಾಕಿದರು. ಮತ್ತೊಮ್ಮೆ ಎಂದರು, ಮತ್ತೂ ಹಾಕಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸೂಜಿಯ ಬುಡದಲ್ಲಿ ಕಾಡಿಗೆಯಂಥದೇನೋ ಕೂಡುತ್ತಿತ್ತು. ಪಾರಿಯನ್ನು ಕರೆಯುವ ನೆಪದಲ್ಲಿ ಹೋಗಿ ಬೆರಳಿಂದ ಒರೆಸಿಕೊಂಡೆ. ನುಣುಪಾದ ಕಪ್ಪು ಪುಡಿ.

“ಭಾವ, ಇದು ಪ್ಲೇಟಿಂದ ಬತ್ತಾ ಐತೆ,” ಎಂದು ಪಿಸುಗುಟ್ಟಿದೆ.

“ಧೂಳದು,” ಎಂದು ಊದಿದರು. ಊದಿ, ನನ್ನ ಬೆರಳನ್ನು ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಹಾಡಿನ ಮಧ್ಯೆ ಕಡಲೆ ಹುರಿದಂಥ ಸದ್ದು ಎದ್ದಿತ್ತು. ಅವರು ಗ್ರಾಮಫೋನಿನ ತೋಳನ್ನು ಎತ್ತಿ ಬದಿಗಿಟ್ಟರು. ಜನ ಪ್ರಸಾದ ತೆಗೆದುಕೊಂಡು ಹೊರಟುಹೋದರು. ಬೆಳಕಿಗೆ ಹಿಡಿದರೆ ಪ್ಲೇಟಿನ ಹೊಳಪು ಹೋಗಿ ಅಕ್ಕನ ಮಗ್ಗುಲು ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಆಕಿ ದನಿನ ನನ್ನ ಕೈಯಾರ ಕೆರದು ಹಾಕಿದ್ನಿ,” ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅಕ್ಕ ಹೋದಾಗ ಎಲ್ಲರ ಮುಂದೆ ತಡೆದುಕೊಂಡಿದ್ದರಂತೆ. ಆ ಹೊತ್ತು ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಸುಮ್ಮನಿರುವ ಸ್ವಭಾವ ನನ್ನದಲ್ಲ. ಕಬ್ಬಿಣ ಕೆರೆದರೆ ಕೆರೆಯದಂಥದು ಏನಿದೆ ಎಂದು ಯೋಚಿಸಿದೆ. ನಮ್ಮೂರಲ್ಲಿ ಹೆಣ್ಣುಮಕ್ಕಳಿಗೆ ಕಿವಿ ಚುಚ್ಚುವುದು ಜಾಲಿಮುಳ್ಳಿನಿಂದ. ಕೆರೆಯ ಏರಿಯಿಂದ ಒಣಗಿದ ಮುಳ್ಳು ತಂದು, ಅಳತೆಗೆ ಕತ್ತರಿಸಿ, ಪಿನ್ನಿನ ಜಾಗದಲ್ಲಿ ಸಿಕ್ಕಿಸಿದೆ. ರಾಜಪಾರ್ಟಿನವನ ಮಗ್ಗುಲು ಹಾಕಿದೆವು. ಗುಡುಗುತ್ತಿದ್ದ ರಾಜ ಮೆತ್ತಗಾಗಿ, ಹೆಂಡತಿಯ ಎದುರು ಮಾತಾಡಿದಂತೆ ಮಾತಾಡಿದ. ಪುಡಿ ಮಾತ್ರ ಬೀಳಲಿಲ್ಲ. ಭಾವನ ಕಣ್ಣಲ್ಲಿ ಆಸೆ ಮೂಡಿತು. ಪ್ಲೇಟು ತಿರುವಿ ಹಾಕಿದೆ. ಅಕ್ಕನ ಮಗ್ಗುಲಲ್ಲಿ ಸರಸರ ಎಂಬ ಸದ್ದು, ಅದರ ಹಿಂದೆ ದೂರದಲ್ಲಿ ಯಾರೋ ಕೂಗಿದ ಹಾಗೆ ಒಂದೆರಡು ಎಳೆ, ಅಷ್ಟೆ. ಮುಳ್ಳು ತಡವಾಗಿ ಹೊಳೆದಿತ್ತು.

ಪಾರಿ ಕಹಳೆಗೆ ಕಿವಿಯಿಟ್ಟು ಕೇಳಿದಳು. ತಲೆಯೆತ್ತಿ ನನ್ನನ್ನು ನೋಡಿದಳು.

“ನೀ ಮುಳ್ಳು ಚುಚ್ಚಿದಿ. ಅವ್ವ ಹೋದ್ಲು.”

ಸೂಜಿ ಅಪ್ಪ ಹಾಕಿದ್ದನ್ನು ಅವಳು ಗಮನಿಸಿರಲಿಲ್ಲ, ಮುಳ್ಳು ನಾನು ಹಾಕಿದ್ದನ್ನು ಕಣ್ಣಾರೆ ಕಂಡಿದ್ದಳು. ಅವತ್ತಿನಿಂದ ನನ್ನ ಕೈಯಲ್ಲಿ ತಲೆ ಬಾಚಿಸಿಕೊಳ್ಳಲಿಲ್ಲ, ನಾನು ಕಲಸಿದ ಅನ್ನ ಮುಟ್ಟಲಿಲ್ಲ. ಹತ್ತಿರ ಹೋದರೆ ಕಂಬದ ಹಿಂದೆ ಸರಿಯುತ್ತಿದ್ದಳು. ಭಾವ ಎಷ್ಟು ತಿಳಿಸಿ ಹೇಳಿದರೂ ಕೇಳಲಿಲ್ಲ. ಈ ಮಗುವಿಗಾಗಿಯೇ ನಾನು ಈ ಮನೆಗೆ ಬಂದವಳು, ಈಗ ಅದಕ್ಕೇ ಬೇಡವಾಗಿದ್ದೆ.

ಕಾರ್ತಿಕದ ಒಂದು ಮಧ್ಯಾಹ್ನ ಅತ್ತೆಯೂ ನಾನೂ ನಡುಮನೆಯಲ್ಲಿ ಜೋಳ ಬೀಸುತ್ತಿದ್ದೆವು. ಪಾರಿ ಕಂಬಕ್ಕೆ ಒರಗಿ ಮುಖ ಊದಿಸಿಕೊಂಡು ಕೂತಿದ್ದಳು. ಅತ್ತೆ ಮೊಮ್ಮಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

“ಸುಬ್ಬವ್ವ, ನಿಮ್ಮಕ್ಕನ ಹಾಡು ನಿನಗ ಬರತಾವೇನು?”

“ಪ್ಲೇಟಿಂದು ಬರಲ್ಲ ಅತ್ತೆ. ಮನೇಲಿ ಹೇಳ್ತಿದ್ದ ಪದ ಬತ್ತವೆ.”

“ಅದನ್ನ ಹಾಡು.”

“ಅಂಗಡೀಗೆ ಕೇಳುಸ್ತದೆ.”

“ಕೇಳಲಿ.”

ಕಲ್ಲು ಎರಡು ಸುತ್ತು ತಿರುಗಿದ ಮೇಲೆ ಉಸಿರು ಅದಕ್ಕೆ ಹೊಂದಿಕೊಂಡಿತು. ತವರಿಗೆ ಹೋಗುವ ಹೆಣ್ಣು ದಾರಿಯ ಹುಣಸೆಮರಗಳನ್ನು ಒಂದೊಂದಾಗಿ ಮಾತಾಡಿಸುವ ಪದ ಅದು. ಅಕ್ಕ ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲೇ ನಿಲ್ಲಿಸಿದೆ, ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ ಎಳೆದೆ. ನನಗೆ ಬೇರೆ ಥರ ಹಾಡಲು ಬರುತ್ತಲೂ ಇರಲಿಲ್ಲ.

“ಇದು ಅವ್ವ ಅಲ್ಲ,” ಎಂದಳು ಪಾರಿ.

ನಾನು ಹಾಡುತ್ತಲೇ ಹೋದೆ. ಸ್ವಲ್ಪ ಹೊತ್ತಿಗೆ ಅವಳು ಕಂಬ ಬಿಟ್ಟು ಹತ್ತಿರ ಬಂದಳು. ಹಿಟ್ಟಿನಲ್ಲಿ ಬೆರಳಾಡಿಸಿದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಕಲ್ಲು ತಿರುಗಿದಂತೆ ನನ್ನ ಮೈ ಆಡುತ್ತಿತ್ತು, ಅವಳ ತಲೆಯೂ ಆಡುತ್ತಿತ್ತು. ಗೂಟ ಬಿಟ್ಟರೆ ಎದ್ದುಬಿಟ್ಟಾಳೆಂದು ಜೋಳ ಮುಗಿದ ಮೇಲೂ ಬರೀ ಕಲ್ಲನ್ನೇ ತಿರುಗಿಸಿದೆ. ಅತ್ತೆ ಬೈಯಲಿಲ್ಲ.

ಭಾವ ಯಾವಾಗ ಒಳಗೆ ಬಂದರೋ ತಿಳಿಯಲಿಲ್ಲ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡವರೇ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು.

“ರುಕ್ಮಿಣಿ ಹಿಂಗ ಹಾಡತಿದ್ಲಾ?” ಎಂದು ಕೇಳಿದರು ಭಾವ.

“ಹೂಂ. ಹಿಂಗೇ.”

“ಹಂಗಾದ್ರ ನಾ ಆಕಿ ಹಾಡು ಕೇಳೇ ಇಲ್ಲ.”

ಅತ್ತೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡರು. “ನಾನೂ ಕೇಳಲಿಲ್ಲ. ಇದ ಮನ್ಯಾಗ ಇದ್ಲು, ಬಾಯಿ ಮುಚ್ಚಿಸಿ ಕೂಡಿಸಿದ್ನಿ. ತಪ್ಪಾತು,” ಎಂದರು. ಅವರು ಯಾರ ಮುಂದೆಯೂ ತಪ್ಪಾಯಿತು ಎಂದವರಲ್ಲ. ಆಮೇಲೆ ಆ ಮನೆಯಲ್ಲಿ ಹಾಡಬೇಡ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬೆಳಗಿನ ಬೀಸುವ ಹೊತ್ತಿಗೆ ಪಾರಿ ಕಣ್ಣು ಮುಚ್ಚಿಕೊಂಡೇ ಎದ್ದು ಬಂದು ತೊಡೆಯ ಮೇಲೆ ಮಲಗುವುದು ರೂಢಿಯಾಯಿತು. ಊರಿಗೆ ಹಿಟ್ಟಿನ ಗಿರಣಿ ಬರುವವರೆಗೂ, ನನಗೆ ನನ್ನವೇ ಎರಡು ಮಕ್ಕಳಾಗುವವರೆಗೂ ಹಾಗೇ ನಡೆಯಿತು. ಗ್ರಾಮಫೋನನ್ನು ಯಾರೋ ಕೊಂಡೊಯ್ದರು. ಭಾವ ಹೋಗಿಯೂ ಬಹಳ ವರ್ಷವಾಯಿತು.

ಪಾರಿಗೆ ಈಗ ಮೊಮ್ಮಕ್ಕಳು. ಪ್ಲೇಟಿನ ನೆನಪು ಅವಳಿಗೆ ಒಂದಿಷ್ಟೂ ಇಲ್ಲ. ಕಹಳೆಗೆ ರೊಟ್ಟಿ ತಿನ್ನಿಸಿದ್ದನ್ನು ಹೇಳಿದರೆ, ನಾನು ಕಟ್ಟಿ ಹೇಳುತ್ತಿದ್ದೇನೆಂದು ನಗುತ್ತಾಳೆ. ಮೊನ್ನೆ ಆ ಹೊಲಿಗೆ ಮನೆಗಳ ಸಾಲಿನಿಂದ ಅವಳ ಮನೆಗೆ ಹೋಗಿ ಕೂತಾಗ, ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು.

“ಸಣ್ಣವ್ವ, ನಮ್ಮವ್ವನ ಮುಖ ನನಗ ನೆನಪಿಲ್ಲ. ಆದ್ರ ದನಿ ಚೊಲೋ ನೆನಪೈತಿ. ಇನ್ನ ಪೂರಾ ಬೆಳಕಾಗಿರತಿದ್ದಿಲ್ಲ, ಬೀಸುಕಲ್ಲಿನ ಮುಂದ ನನ್ನ ತೊಡಿ ಮ್ಯಾಲ ಮಲಗಿಸಿಕೊಂಡು, ಮೆಲ್ಲಕ, ತಗ್ಗಿನ ದನ್ಯಾಗ ಹಾಡತಿದ್ಲು. ಹೌದಿಲ್ಲ?”

ಆ ಮನೆಯ ಬೀಸುಕಲ್ಲಿನ ಮುಂದೆ ಅಕ್ಕ ಒಂದು ದಿನವೂ ಬಾಯಿ ತೆರೆದವಳಲ್ಲ.

“ಹೌದವ್ವ,” ಎಂದೆ. “ನಿಮ್ಮವ್ವ ಹಂಗೇ ಹಾಡ್ತಿದ್ಲು.”